ಸೊನ್ನೆ ಸಾಲಿನಲ್ಲಿ ಒಂದು ಜಾಗ

ಅರವತ್ತೊಂಬತ್ತನೆಯ ವಯಸ್ಸಿನಲ್ಲಿ ನನ್ನನ್ನು ಚಪ್ಪಲಿಗಳ ಪಕ್ಕ ಕೂರಿಸಿದರು. ಟಿ. ನರಸೀಪುರದಲ್ಲಿ, ಪುಟ್ಟಸ್ವಾಮಯ್ಯ ಎಂಬ ನಿವೃತ್ತ ಗಣಿತದ ಮೇಷ್ಟ್ರ ಮನೆಯ ಹಜಾರದಲ್ಲಿ, ಹೊಸ್ತಿಲಿಗೆ ಆತುಕೊಂಡ ಕೊನೆಯ ಚಾಪೆಯ ಮೇಲೆ. ಅವರು ಕೇಳಿದ ಮೊದಲ ಪ್ರಶ್ನೆಗೇ ನಾನು ತಪ್ಪು ಉತ್ತರ ಕೊಟ್ಟಿದ್ದೆ. "ಮೇಡಂ, ನೀವು ಝೀರೋ ರೋ. ಅಲ್ಲಿಗೆ ನಡೀರಿ" ಎಂದು ಸೀಮೆಸುಣ್ಣದಿಂದ ಬಾಗಿಲ ಕಡೆ ತೋರಿಸಿದರು. ಹೊರಗೆ ಹೋಗು ಅಂದರೇನೋ ಎಂದು ನಾನು ಬ್ಯಾಗು ಎತ್ತಿಕೊಂಡೆ. ಇಡೀ ಹಜಾರ ನಕ್ಕಿತು.

ಮಾಟುಂಗಾದ ಗೆಳತಿಯರೇ, ಮೂವತ್ತಾರು ವರ್ಷ ಮುಂಬೈಯಲ್ಲಿ ನಿಮ್ಮ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದ ಮಿಸ್ ನಾನು. ನಿಮಗೆ ನಗು ಬಂದರೆ ನಕ್ಕುಬಿಡಿ. ಇಲ್ಲಿಯವರಂತೂ ತಡೆದುಕೊಳ್ಳಲಿಲ್ಲ.

ಝೀರೋ ರೋ, ಅಂದರೆ ಸೊನ್ನೆ ಸಾಲು, ಮ್ಯಾಟ್ರಿಕ್ಸ್ ಗಣಿತದ ಮಾತು. ಮ್ಯಾಟ್ರಿಕ್ಸ್ ಅಂದರೆ ಅಂಕಿಗಳನ್ನು ಅಡ್ಡಸಾಲು, ಕಂಬಸಾಲುಗಳಲ್ಲಿ ಜೋಡಿಸಿದ ಚೌಕ. ಅದನ್ನು ಒಂದು ಕ್ರಮದಲ್ಲಿ ಬಿಡಿಸುತ್ತಾ ಹೋದರೆ ಸತ್ವ ಇರುವ ಸಾಲುಗಳು ಮೇಲೆ ನಿಲ್ಲುತ್ತವೆ, ಬರೀ ಸೊನ್ನೆಗಳಾಗಿ ಉಳಿದ ಸಾಲುಗಳು ತಳಕ್ಕೆ ಇಳಿಯುತ್ತವೆ. ಪುಟ್ಟಸ್ವಾಮಯ್ಯನವರು ಶಿಷ್ಯರನ್ನೂ ಹಾಗೇ ಕೂರಿಸುತ್ತಿದ್ದರು. ಕಪ್ಪು ಬಳಿದ ಗೋಡೆಯ ಮುಂದೆ ಮೊದಲ ಸಾಲು, ಅಲ್ಲಿಂದ ದಡ್ಡತನಕ್ಕೆ ತಕ್ಕಂತೆ ಹಿಂದೆ ಹಿಂದೆ, ಕೊನೆಗೆ ಚಪ್ಪಲಿ. ಅವರ ಹೆಂಡತಿ ತರುವ ಕಾಫಿಯೂ ಮೊದಲ ಸಾಲಿನಿಂದ ಇಳಿದು ಬರುತ್ತಿತ್ತು. ನಮ್ಮ ಹತ್ತಿರ ಬರುವ ಹೊತ್ತಿಗೆ ಅದರ ಮೇಲೆ ಕೆನೆ ಕಟ್ಟಿರುತ್ತಿತ್ತು.

ಸತ್ಯ ಹೇಳುತ್ತೇನೆ, ಆ ಪದ್ಧತಿ ನನಗೆ ಕೆಟ್ಟದ್ದು ಅನ್ನಿಸಲೇ ಇಲ್ಲ. ಕಾನ್ವೆಂಟಿನಲ್ಲಿ ನಮ್ಮನ್ನೂ ಸಿಸ್ಟರ್‌ಗಳು ಮಾರ್ಕ್ಸ್ ನೋಡಿಯೇ ಕೂರಿಸುತ್ತಿದ್ದರು. ನಾನು ಟೀಚರ್ ಆದ ಮೇಲೆ ಅದನ್ನೇ ಮಾಡಿದೆ. ನನಗೆ ಉರಿದದ್ದು ನನಗೆ ಸಿಕ್ಕಿದ ಜಾಗ ನೋಡಿ.

ಇಲ್ಲಿಗೆ ಬಂದ ಕಾರಣ ನಿಮಗೆಲ್ಲ ಗೊತ್ತಿರುವುದೇ. ನಮ್ಮ ಬಿಲ್ಡಿಂಗ್ ಕೆಡವಿದರು, ಹೊಸದು ಏಳುವವರೆಗೆ ಎಲ್ಲಾದರೂ ಇರಬೇಕಿತ್ತು. ನೀವೆಲ್ಲ ಠಾಣೆ, ಡೊಂಬಿವಲಿ ಅಂತ ಹಂಚಿಹೋದಿರಿ. ನಾನು ನಂಜನಗೂಡು ಅಂದೆ. ಅಮ್ಮನ ತವರು ಪಕ್ಕದ ಟಿ. ನರಸೀಪುರ. ಯಾರು 'ಗಾಂವ್ ಕುಠಲಂ', ನಿಮ್ಮೂರು ಯಾವುದು, ಅಂದರೂ ಜೀವಮಾನವಿಡೀ ಆ ಹೆಸರನ್ನೇ ಹೇಳುತ್ತಾ ಬಂದವಳು ನಾನು, ಒಂದು ವಾರವೂ ಅಲ್ಲಿ ಇದ್ದವಳಲ್ಲ. ಎರಡನೆಯ ಕಾರಣವನ್ನು ನಿಮ್ಮಿಂದ ಮುಚ್ಚಿಟ್ಟಿದ್ದೆ. ಇಪ್ಪತ್ತೊಂದರ ವಯಸ್ಸಿನಲ್ಲಿ ಬಿಟ್ಟುಹೋದ ಎಂ.ಎಸ್ಸಿ.ಯನ್ನು ಮುಗಿಸಬೇಕಿತ್ತು. ಮನೆಯಲ್ಲೇ ಓದಿ ಮೈಸೂರಿನಲ್ಲಿ ಪರೀಕ್ಷೆ ಬರೆಯಬಹುದು ಎಂದು ತಿಳಿಯಿತು, ಹೆಸರು ಹಚ್ಚಿದೆ. ಲೀನಿಯರ್ ಆಲ್ಜೀಬ್ರಾದ ಪುಸ್ತಕ ತೆರೆದರೆ ನಲವತ್ತೆಂಟು ವರ್ಷಗಳ ಹಿಂದೆ ಸಲೀಸಾಗಿ ಓದಿದ್ದ ಪುಟಗಳು ಮುಖ ತಿರುಗಿಸಿಕೊಂಡವು. ಆಗ ಯಾರೋ ಪುಟ್ಟಸ್ವಾಮಯ್ಯನವರ ಭಾನುವಾರದ ಪಾಠದ ವಿಷಯ ಹೇಳಿದರು.

ಸೊನ್ನೆ ಸಾಲಿನಲ್ಲಿ ನನ್ನ ಪಕ್ಕ ಇದ್ದವಳು ಭಾಗ್ಯ. ವಯಸ್ಸು ಮೂವತ್ತೊಂದು, ಬದನವಾಳಿನವಳು. ತಾಯಿ ಅಲ್ಲಿನ ಖಾದಿ ಕೇಂದ್ರದಲ್ಲಿ ನೂಲು ತೆಗೆಯುತ್ತಾರೆ. ಭಾಗ್ಯ ನಂಜನಗೂಡಿನ ಕಾರ್ಖಾನೆಯೊಂದರಲ್ಲಿ ಓಡುವ ಬೆಲ್ಟಿನ ಮುಂದೆ ಪ್ಯಾಕಿಂಗ್ ಕೆಲಸ ಮಾಡುತ್ತಿದ್ದಳು, ದಿನಕ್ಕೆ ಎಂಟು ಹತ್ತು ಗಂಟೆ ನಿಂತು. ಅವಳೂ ನನ್ನಂತೆ ಮನೆಯಲ್ಲೇ ಓದಿ ಅದೇ ಎಂ.ಎಸ್ಸಿ. ಪರೀಕ್ಷೆಗೆ ಹೆಸರು ಹಚ್ಚಿದ್ದಳು. ಹುಡುಗರು ನಗುವುದು ನಿಂತ ಮೇಲೆ ಅವಳು ಚಾಪೆಯ ಮೇಲೆ ಸರಿದು ಜಾಗ ಮಾಡಿ, "ಬನ್ನಿ ಕಣವ್ವ, ಇಲ್ಲಿ ಗಾಳಿ ಚೆನ್ನಾಗ್ ಬತ್ತದೆ" ಅಂದಳು.

ಮೊದಲ ಸಾಲಿನಿಂದ ಹೆಡತಲೆ ಊರಿನ ಲೋಕೇಶ, ಹೈಸ್ಕೂಲಿನಲ್ಲಿ ಪಾಠ ಮಾಡುವವನು, ತಿರುಗಿ ನೋಡಿದ. "ಬಾಂಬೆ ಅಮ್ಮೋರ್ಗೂ ಸೊನ್ನೇನಾ ಸಾ? ಅಂಗಾರೆ ನಮ್ ಭಾಗ್ಯಂಗೆ ಕಂಪ್ನಿ ಸಿಕ್ತು ಬುಡಿ."

ಅವತ್ತಿನಿಂದ ನಾನು ಬಾಂಬೆ ಅಮ್ಮ.

ಲಾಡ್ಜಿನಲ್ಲಿದ್ದ ನನಗೆ ನಂಜನಗೂಡಿನಲ್ಲಿ ಮನೆ ಹುಡುಕಿಕೊಟ್ಟವಳೂ ಭಾಗ್ಯಳೇ. ಮುಂಬೈಯಲ್ಲಿ ಮನೆ ಕೇಳಿದರೆ ಬ್ರೋಕರ್ ಮೊದಲು ಊಟ ಕೇಳುತ್ತಾನೆ, ವೆಜ್ಜಾ ನಾನ್‌ವೆಜ್ಜಾ. ಇಲ್ಲಿ ಮನೆಯೊಡತಿ ನೇರವಾಗಿ "ನೀವು ಯಾವ ಪೈಕಿ?" ಅಂದರು. ಪೈಕಿ ಅಂದರೆ ಯಾವ ಗುಂಪಿಗೆ ಸೇರಿದವರು ಎಂದು. ನಾನು ಅಪ್ಪನ ಮನೆತನದ ಹೆಸರು ಹೇಳಿದೆ. ಅವರ ಮುಖ ಅರಳಿತು, ಬೀಗದಕೈ ಕೈಗೆ ಬಂತು. ಆಮೇಲೆ ಗೇಟಿನ ಆಚೆ ನನ್ನ ಸೂಟ್‌ಕೇಸು ಹಿಡಿದು ನಿಂತಿದ್ದ ಭಾಗ್ಯಳ ಕಡೆ ಗದ್ದದಲ್ಲೇ ಸನ್ನೆ ಮಾಡಿ, "ಆ ಹುಡುಗಿ ಕೆಲ್ಸಕ್ಕಾ?" ಎಂದು ಕೇಳಿದರು. ನಾನು "ಅಲ್ಲ, ಕ್ಲಾಸ್‌ಮೇಟು" ಅಂದೆ. ಒಡತಿ ನಗೆಚಾಟಿಕೆ ಅಂದುಕೊಂಡು ನಕ್ಕರು. ನಾನೂ ಸ್ವಲ್ಪ ನಕ್ಕೆ, ಮನೆ ಬೇಕಿತ್ತು. ಸೂಟ್‌ಕೇಸನ್ನು ನಾನೇ ಒಳಗೆ ಎಳೆದುಕೊಂಡೆ.

ಕಲಿಯುವುದು ಬಹಳ ಇತ್ತು. ಇಲ್ಲಿ ಹಳ್ಳಿ ಅಂದರೆ ಅಳ್ಳಿ, ಹೇಳು ಅಂದರೆ ಯೋಳು. ಸ್ವಲ್ಪ ಅನ್ನುವುದಕ್ಕೆ ವಸಿ. "ವಸಿ ತಡೀರಿ" ಅಂದರೆ ಐದು ನಿಮಿಷವೂ ಆಗಬಹುದು, ಅರ್ಧ ದಿನವೂ ಆಗಬಹುದು. ಕರ್ನಾಟಕದ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತ, ಆದರೆ ನನ್ನ ಆಧಾರ್ ಕಾರ್ಡಿನಲ್ಲಿ ಮಾಟುಂಗಾ ವಿಳಾಸ. "ಮಾತು ಕನ್ನಡ, ಅಡ್ರೆಸ್ಸು ಬಾಂಬೆ. ನಿಮ್ಗಿಲ್ಲ ಬುಡಿ ಫ್ರೀ" ಎಂದ ಕಂಡಕ್ಟರ್, ನನ್ನ ಮಡಿಲಲ್ಲಿದ್ದ ದಪ್ಪ ಪುಸ್ತಕ ನೋಡಿ, "ಮೊಮ್ಮಗಂಗಾ?" ಅಂದ. ನನಗೇ ಅಂದೆ. "ಅಯ್ಯೋ ಪಾಪ" ಅಂದು ಮುಂದಿನ ಸೀಟಿಗೆ ಹೋದ. ಮುಂಬೈಯ ಲೋಕಲ್ಲಿನಲ್ಲಿ ನಾನು ಮ್ಯಾಟ್ರಿಕ್ಸ್ ಅಲ್ಲ, ಮಾಟದ ಪುಸ್ತಕ ಓದಿದ್ದರೂ ಯಾರೂ ಕೇಳುತ್ತಿರಲಿಲ್ಲ.

ಬದನವಾಳಿನ ಭಾಗ್ಯಳ ಮನೆಯಲ್ಲಿ, ಗೋಡೆಯ ಮೇಲೆ ಕಣ್ಣು ಮುಚ್ಚಿ ಕೂತ ಬುದ್ಧನ ಪಟದ ಕೆಳಗೆ, ನಾನು ಮೊದಲ ಸಲ ರಾಗಿಮುದ್ದೆ ಉಂಡೆ. ಜೊತೆಗೆ ಉಪ್ಸಾರು, ಅಂದರೆ ಸೊಪ್ಪು ಕಾಳು ಬೇಯಿಸಿದ ತಿಳಿ, ಪಕ್ಕಕ್ಕೆ ಖಾರ. ಭಾಗ್ಯಳ ತಾಯಿ ನನ್ನ ಬಾಯಿಯನ್ನೇ ನೋಡುತ್ತಿದ್ದರು. "ಅಗೀಬ್ಯಾಡಿ ಕಣವ್ವ, ಅದೇನ್ ಚೂಯಿಂಗ್ ಗಮ್ಮಾ? ನುಂಗಿ!" ನಾಲ್ಕನೆಯ ತುತ್ತಿಗೆ ನುಂಗಿದೆ. ಅವರು ಚಪ್ಪಾಳೆ ಹೊಡೆದರು. ನಾನು ಇಲ್ಲಿ ಗೆದ್ದದ್ದು ಅಂತ ಏನಾದರೂ ಇದ್ದರೆ ಅದನ್ನು ಮೊದಲು ಬರೆದುಕೊಳ್ಳಿ. ಬಾಡಿಗೆ ಮನೆಯಲ್ಲಿ ಒಬ್ಬಳೇ ಉಣ್ಣುವಾಗ ಗೋಡೆಗಳು ಹತ್ತಿರ ಬಂದಂತೆ ಆಗುತ್ತಿದ್ದ ದಿನಗಳವು. ವಾರಕ್ಕೆರಡು ಸಂಜೆ ಶಿಫ್ಟು ಮುಗಿಸಿ ಭಾಗ್ಯ ನನ್ನ ಹತ್ತಿರ ಓದಲು ಬರುತ್ತಿದ್ದಳು. ಗೇಟಿನ ಸದ್ದಿಗೆ ನನ್ನ ಕಿವಿ ಕಾದಿರುತ್ತಿತ್ತು.

ಹೀಗಿರುವಾಗ ಒಂದು ಭಾನುವಾರ ಪುಟ್ಟಸ್ವಾಮಯ್ಯನವರು ಹೇಳಿದರು: ಟಿ. ನರಸೀಪುರದ ಒಂದು ಕಾಲೇಜಿಗೆ ಗಣಿತ ಹೇಳಿಕೊಡಲು ಒಬ್ಬರು ಬೇಕಂತೆ, ಹೆಸರು ಕೊಡಲು ತಮ್ಮನ್ನು ಕೇಳಿದ್ದಾರೆ. "ಇನ್ನು ಮೂರು ವಾರ. ಮೂರನೇ ವಾರ ಮೊದಲ ಸಾಲಲ್ಲಿ ಮೊದಲು ಯಾರು ಕೂತಿರ್ತಾರೋ ಅವರ ಹೆಸರು ಹೋಗ್ತದೆ. ಜಾತಿ ನೋಡಲ್ಲ, ಮುಖ ನೋಡಲ್ಲ. ಗಣಿತ ನೋಡ್ತೀನಿ."

ಬಸ್ಸಿನಲ್ಲಿ ಭಾಗ್ಯ ಸೀರೆಯ ಅಂಚು ಎತ್ತಿ ಕಾಲು ತೋರಿಸಿದಳು. ಮೀನಖಂಡದ ಮೇಲೆ ನರಗಳು ಗಂಟುಕಟ್ಟಿ ನೀಲಿಯಾಗಿದ್ದವು. "ಡಾಕ್ಟ್ರು ನಿಂತ್ಕಬ್ಯಾಡ ಅಂತಾರೆ. ಬೆಲ್ಟು ಕೂತ್ಕಬ್ಯಾಡ ಅಂತದೆ. ಅವ್ವಾ, ಈ ಕೆಲ್ಸ ನಂಗೇ ಬೇಕು. ನನ್ನ ಮೇಲಕ್ಕೆ ತನ್ನಿ."

"ತರ್ತೀನಿ" ಅಂದೆ. ಐ ಪ್ರಾಮಿಸ್ ಅಂತಲೂ ಅಂದೆ.

ಆ ವಾರದ ಲೆಕ್ಕ ಕಷ್ಟದ್ದು. ನಿಲ್‌ಪೊಟೆಂಟ್ ಎಂಬ ಜಾತಿಯ ಮ್ಯಾಟ್ರಿಕ್ಸ್‌ಗಳಿವೆ. ಒಳಗೆ ಅಂಕಿ ತುಂಬಿಕೊಂಡು ಗಟ್ಟಿಯಾಗಿಯೇ ಕಾಣುತ್ತವೆ, ಆದರೆ ಅದನ್ನು ಅದರಿಂದಲೇ ಮತ್ತೆ ಮತ್ತೆ ಗುಣಿಸಿದರೆ ಕೊನೆಗೆ ಎಲ್ಲವೂ ಸೊನ್ನೆ. ಅಂಥದ್ದನ್ನು ಸರಿಯಾದ ಕ್ರಮದಲ್ಲಿ ಜೋಡಿಸಿಕೊಂಡರೆ, ಮೂಲೆಯಿಂದ ಮೂಲೆಗೆ ಎಳೆದ ಗೆರೆಯಲ್ಲೂ ಅದರ ಕೆಳಗೂ ಬರೀ ಸೊನ್ನೆ ಉಳಿಯುತ್ತದೆ ಎಂದು ಸಾಧಿಸಬೇಕು. ಮೊದಲ ಭಾನುವಾರ ಯಾರಿಗೂ ಬರಲಿಲ್ಲ, ಲೋಕೇಶನಿಗೂ. ನಾನು ಮೂರು ದಿನ ಹೆಣಗಿದೆ.

ಬುಧವಾರ ಭಾಗ್ಯ ಬಂದವಳು ಚೀಲ ಇಡುವ ಮೊದಲೇ, "ಅದು ನಮ್ ಬೆಲ್ಟು ಕಣವ್ವ!" ಅಂದಳು. ನನ್ನ ಅಡುಗೆಮನೆಯಿಂದ ಐದು ಲೋಟ ತಂದು ಸಾಲಾಗಿ ಇಟ್ಟಳು. "ಬೆಲ್ಟಿನ್ ಮುಂದೆ ಐದ್ ಜನ. ಒಬ್ಬೊಬ್ರು ಡಬ್ಬನ ಮುಂದಿನೋರ್ಗೆ ತಳ್ತೀವಿ. ಕೊನೆಯೋಳು ತಳ್ಳಿದ್ರೆ ಡಬ್ಬ ಕೆಳಕ್ಕೆ. ಐದ್ ಸಲ ತಳ್ಳಿದ್ರೆ ಬೆಲ್ಟ್ ಖಾಲಿ. ಸೊನ್ನೆ. ಅಲ್ವಾ?"

"ಅದು ಸರಿ. ಆದರೆ ಡಬ್ಬಗಳು ಹೇಗೆಂದರೆ ಹಾಗೆ ಚೆಲ್ಲಿದ್ದರೆ? ಎನಿ ಆರ್ಡರ್?"

"ಅದೇ ಯೋಳ್ತಿರೋದು. ಒಂದೇ ತಳ್ಳಿಗೆ ಬೀಳೋವ್ನ ಮೊದ್ಲು ಆರಿಸ್ಕಳಿ. ಎರಡು ತಳ್ಳಿಗೆ ಬೀಳೋವ್ನ ಅದ್ರ ಇಂದೆ ಇಡಿ. ಆಮೇಲೆ ಮೂರು. ಇಂಗ್ ಜೋಡಿಸ್ಬುಟ್ರೆ, ಯಾವ್ದನ್ನ ತಳ್ಳಿದ್ರೂ ತನಗಿಂತ ಮೊದ್ಲು ಬೀಳೋವ್ರ ತಾವ್ಕೇ ಓಗ್ಬೇಕು. ನಿಂತಲ್ಲೇ ನಿಲ್ಲಂಗಿಲ್ಲ, ಇಂದಕ್ಕೂ ಬರಂಗಿಲ್ಲ. ಗೆರೆ ಮೇಲೆ ಸೊನ್ನೆ, ಗೆರೆ ಕೆಳಗೆ ಸೊನ್ನೆ. ಮುಗೀತು!"

ನಾನು ಲೋಟಗಳನ್ನೇ ನೋಡುತ್ತಾ ಕೂತೆ. ಮುಗಿದಿತ್ತು. ಮೂರು ದಿನ ನನ್ನ ಪುಟಗಳನ್ನೆಲ್ಲ ತಿಂದೂ ಮುಗಿಯದ ಸಾಧನೆ ನನ್ನ ಟೀಪಾಯಿಯ ಮೇಲೆ ಐದು ಸ್ಟೀಲಿನ ಲೋಟಗಳಲ್ಲಿ ಮುಗಿದಿತ್ತು. ಒಬ್ಬ ಟೀಚರಿಗೆ ಆಗ ಖುಷಿಯಾಗಬೇಕು. ನನಗೆ ಮೊದಲು ಆದದ್ದು ಅಸೂಯೆ.

ಅವಳು ಅದನ್ನೆಲ್ಲ ತನಗೆ ಬಂದ ಇಂಗ್ಲಿಷಿನಲ್ಲಿ ನೋಟ್‌ಬುಕ್ಕಿನಲ್ಲಿ ಬರೆದಿದ್ದಳು. ನಾನು ಕೆಂಪು ಪೆನ್ನು ತೆಗೆದೆ, ಅಭ್ಯಾಸ. ಬೆಲ್ಟು ಹೊಡೆದುಹಾಕಿದೆ, ಡಬ್ಬ ಹೊಡೆದುಹಾಕಿದೆ, ಅವುಗಳ ಜಾಗದಲ್ಲಿ ಪುಸ್ತಕದ ಮಾತು ತಂದು ಕರ್ನಲ್ ಎಂದು ಬರೆದೆ, ಬೇಸಿಸ್ ಎಂದು ಬರೆದೆ. ಕೊನೆಗೆ ಅವಳ ಪುಟದಲ್ಲಿ ಅವಳ ಅಕ್ಷರಕ್ಕಿಂತ ನನ್ನದೇ ಹೆಚ್ಚಾಯಿತು.

ಎರಡನೆಯ ಭಾನುವಾರ ಕಾರ್ಖಾನೆಯವರು ಭಾಗ್ಯಳನ್ನು ಬಿಡಲಿಲ್ಲ. ಬಸ್‌ಸ್ಟ್ಯಾಂಡಿಗೆ ಓಡಿಬಂದು ನೋಟ್‌ಬುಕ್ ನನ್ನ ಕೈಗೆ ಕೊಟ್ಟಳು. "ನೀವೇ ಸಾರ್‌ಗೆ ತೋರ್ಸಿ ಅವ್ವ. ಭಾಗ್ಯ ಮಾಡಿದ್ದು ಅಂತ ಯೋಳಿ." ಅಷ್ಟು ಹೇಳಿ ಅದೇ ಓಟದಲ್ಲಿ ಹಿಂದಿರುಗಿದಳು.

"ಯಾರಿಗಾದ್ರೂ ಬಂತಾ?" ಎಂದರು ಪುಟ್ಟಸ್ವಾಮಯ್ಯ. ನಾನು ಎದ್ದು ಚಪ್ಪಲಿಗಳ ಪಕ್ಕದಿಂದ ಗೋಡೆಯವರೆಗೆ ನಡೆದೆ. ಭಾಗ್ಯಳ ಹೆಸರನ್ನು ಕೊನೆಯಲ್ಲಿ ಹೇಳೋಣ ಎಂದುಕೊಂಡಿದ್ದೆ. ಇದನ್ನು ನೀವು ನಂಬಬೇಕಾಗಿಲ್ಲ, ಆದರೆ ಅಂದುಕೊಂಡಿದ್ದೆ. ಗೋಡೆ ತುಂಬ ಬರೆದೆ. ನನ್ನ ಕೈಬರಹ ನಿಮಗೆ ಗೊತ್ತು, ಸಿಸ್ಟರ್‌ಗಳು ತಿದ್ದಿಸಿದ್ದು. ಕೊನೆಯ ಸಾಲು ಮುಗಿಸಿ ತಿರುಗಿದಾಗ ಮೇಷ್ಟ್ರು ಎದ್ದು ನಿಂತಿದ್ದರು.

"ನೋಡ್ರೋ" ಎಂದರು ಹುಡುಗರಿಗೆ. "ಕಾನ್ವೆಂಟ್ ಅಂದ್ರೆ ಇದು. ಎಷ್ಟು ಕ್ಲೀನು! ಮೇಡಂ, ಇಷ್ಟು ವರ್ಷ ಮಕ್ಕಳಿಗೆ ಮಗ್ಗಿ ಹೇಳಿಕೊಂಡು ವೇಸ್ಟ್ ಆದ್ರಿ ಕಣ್ರೀ."

ಇಪ್ಪತ್ತೊಂದರಿಂದ ಈ ಮಾತಿಗಾಗಿ ಕಾದಿದ್ದೆ ಎಂದು ಆ ಕ್ಷಣದಲ್ಲೇ ನನಗೆ ಗೊತ್ತಾಯಿತು. ಬಾಯಿ ತೆರೆದೆ. "ಥ್ಯಾಂಕ್ ಯೂ ಸರ್" ಎಂಬುದು ಹೊರಗೆ ಬಂತು. ಲೋಕೇಶ ಸರಿದು ತನ್ನ ಜಾಗ ಬಿಟ್ಟುಕೊಟ್ಟ. ಕಾಫಿ ನನಗೇ ಮೊದಲು ಬಂತು, ನಾಲಿಗೆ ಸುಡುವಷ್ಟು ಬಿಸಿ.

ವಾರವೆಲ್ಲ ಭಾಗ್ಯಳಿಗೆ ಓವರ್‌ಟೈಮ್. ಫೋನಿನಲ್ಲಿ "ಸಾರ್ ಏನಂದ್ರು ಅವ್ವ?" ಎಂದಳು. "ಚೆನ್ನಾಗಿದೆ ಅಂದರು" ಎಂದೆ. ಸುಳ್ಳಲ್ಲ, ಅಲ್ಲವೇ? ಮುಂದಿನ ಭಾನುವಾರ ಮೇಷ್ಟ್ರಿಗೆ ಮೊದಲೇ ಎಲ್ಲ ಹೇಳಿಬಿಟ್ಟರಾಯಿತು ಎಂದುಕೊಂಡೆ.

ಮೂರನೆಯ ಭಾನುವಾರ ಅವಳು ಇಸ್ತ್ರಿ ಮಾಡಿದ ಸೀರೆ ಉಟ್ಟು ಬಂದಿದ್ದಳು. ನಾನು ಮೊದಲ ಸಾಲಿಗೆ ಹೋಗಿ ಕೂತದ್ದನ್ನು ನೋಡಿ ಅವಳ ಮುಖ ಅರಳಿತು, ನನಗಾಗಿ! ಮೇಷ್ಟ್ರು ಹಜಾರಕ್ಕೆ ಬಂದರು. ನಾನು ಮಾತಿಗೆ ಗಂಟಲು ಸರಿಮಾಡಿಕೊಳ್ಳುತ್ತಿರುವಾಗಲೇ ಅವಳು ತಾನಾಗಿ ಎದ್ದಳು.

"ಸಾ, ಆ ನಿಲ್‌ಪೊಟೆಂಟ್ ಲೆಕ್ಕ ನಾನೇ ಬೋರ್ಡ್ ಮೇಲೆ ಮಾಡ್ಲಾ? ನಮ್ ಬೆಲ್ಟಿನ್ ತರ ಯೋಳ್ತೀನಿ."

ಎರಡು ನಿಮಿಷ ಹೇಳಿದಳು. ಒಂದೇ ತಳ್ಳು, ಎರಡು ತಳ್ಳು. ಮೇಷ್ಟ್ರು ತಡೆದರು.

"ಇದು ಮೇಡಂ ಹೋದ ವಾರ ಮಾಡಿದ್ದು."

"ಇಲ್ಲ ಸಾ, ನಾನು..."

"ಕಾಪಿ ಹೊಡೆಯೋದಾದ್ರೆ ಪೂರ್ತಿ ಹೊಡೀಬೇಕಮ್ಮ. ಡಬ್ಬ ಗಿಬ್ಬ ಸೇರಿಸ್ಕೊಂಡು ನಿಂದು ಮಾಡ್ಕೋಬೇಡ."

ಲೋಕೇಶ ನನ್ನ ಪಕ್ಕದಿಂದ, "ಡಬ್ಬಾ ಪ್ರೂಫ್ ಸಾ!" ಅಂದ. ಹಜಾರ ಬಿದ್ದು ಬಿದ್ದು ನಕ್ಕಿತು.

ಭಾಗ್ಯ ನಗಲಿಲ್ಲ, ಅಳಲಿಲ್ಲ. ನನ್ನ ಕಡೆ ತಿರುಗಿದಳು. ಅವಳು ಕಾದಳು, ಒಂದು ಮಾತಿಗೆ. ಹಜಾರ ಸುಮ್ಮನಾಗುವವರೆಗೆ ಕಾದಳು. ನಾನು ನನ್ನ ಪುಸ್ತಕದ ಪುಟ ತಿರುಗಿಸಿದೆ. ಆ ಪುಟದಲ್ಲಿ ಏನಿತ್ತು ಎಂದು ಈಗಲೂ ಹೇಳಬಲ್ಲೆ.

"ಹೋಗಮ್ಮ, ನಿನ್ನ ಜಾಗಕ್ಕೆ" ಎಂದರು ಮೇಷ್ಟ್ರು. ಪಾಠ ಮುಗಿದ ಮೇಲೆ, "ಮೊದಲ ಹೆಸರು ಮೇಡಂದು, ಆದ್ರೆ ಮೇಡಂಗೆ ಈ ವಯಸ್ಸಲ್ಲಿ ಕೆಲಸ ಯಾಕೆ? ಲೋಕೇಶನ ಹೆಸರು ಕಳಿಸ್ತೀನಿ" ಎಂದು ಹೇಳಿ ಎದ್ದರು.

ಬಸ್ಸಿನಲ್ಲಿ ಅವಳು ಎಂದಿನಂತೆ ನನ್ನ ಪಕ್ಕವೇ ಕೂತಳು. ಅದನ್ನು ನನಗೆ ತಡೆದುಕೊಳ್ಳಲಾಗಲಿಲ್ಲ. ಬಸ್ಸು ಸುತ್ತೂರು ದಾಟಿತು.

"ನೋಟ್‌ಬುಕ್ ಕೊಡಿ" ಅಂದಳು.

ಕೊಟ್ಟೆ. ಆ ಪುಟ ತೆಗೆದು ಕೆಂಪು ಗೀಟುಗಳ ಮೇಲೆ ಬೆರಳಾಡಿಸಿದಳು. "ನನ್ ಹೆಸ್ರನ್ನೂ ಇಂಗೇ ಒಡೆದಾಕಿದ್ರಾ?"

"ಭಾಗ್ಯ, ಐ ವಾಸ್ ಗೋಯಿಂಗ್ ಟು..."

"ಕನ್ನಡದಲ್ಲಿ ಯೋಳಿ."



ಮಾರನೆಯ ದಿನ ಮತ್ತೆ ಟಿ. ನರಸೀಪುರಕ್ಕೆ ಹೋಗಿ ಮೇಷ್ಟ್ರ ಮುಂದೆ ಎಲ್ಲ ಹೇಳಿದೆ. ಅವರು ಎಲೆ ಅಡಿಕೆ ಹಾಕಿಕೊಳ್ಳುತ್ತಾ ಕೇಳಿಸಿಕೊಂಡರು.

"ಇರಬಹುದು ಮೇಡಂ. ಐಡಿಯಾ ಯಾರಿಗಾದ್ರೂ ಬರ್ತದೆ, ಬರೆಯೋಕೆ ಬರಬೇಕು. ಹೆಸರು ಬೆಳಿಗ್ಗೇನೇ ಹೋಯ್ತು. ಈಗ ಬದಲಾಯಿಸಿದ್ರೆ ನನ್ನ ಮಾತಿಗೇನು ಮರ್ಯಾದೆ?"

"ನಾನು ಆ ದಿನವೇ ಹೇಳಿದ್ದರೆ ನಂಬುತ್ತಿದ್ರಾ ಸರ್?"

ಅವರು ಯೋಚಿಸಿದರು. ಕೆಟ್ಟ ಮನುಷ್ಯ, ಆದರೆ ಸುಳ್ಳುಗಾರನಲ್ಲ. "ನಿಮ್ಮ ಬಾಯಲ್ಲಿ ಹೇಳಿದ್ರೆ ನಂಬ್ತಿದ್ದೆ" ಅಂದರು. "ಅವಳ ಬಾಯಲ್ಲಿ ಆದ್ರೆ ಇಲ್ಲ."

ಆ ಮಾತನ್ನು ಹೊತ್ತುಕೊಂಡು ಬದನವಾಳಿಗೆ ಹೋದೆ. ಭಾಗ್ಯಳ ತಾಯಿ ಬಾಗಿಲಲ್ಲೇ ನಿಂತು, ಅವಳು ಮಲಗವಳೆ ಎಂದರು. ಒಳಗೆ ಪಾತ್ರೆಯ ಸದ್ದು ಕೇಳುತ್ತಿತ್ತು. ನೀರು ಕೊಟ್ಟರು, ಕುಡಿದು ಲೋಟ ಕೊಟ್ಟು ಬಂದೆ.

ಮೈಸೂರಿನ ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬಂತು. ಬಿಟ್ಟುಬಿಡಬಹುದಿತ್ತು, ಚಾಯ್ಸ್ ಇತ್ತು. ನಾನು ಬರೆದೆ, ಸುಂದರವಾಗಿ ಬರೆದೆ. ಪಾಸಾಗಬೇಕಿತ್ತು. ಮೂರು ಡೆಸ್ಕು ಮುಂದೆ ಭಾಗ್ಯಳೂ ಬಗ್ಗಿ ಬರೆಯುತ್ತಿದ್ದಳು, ಒಂದು ಕಾಲನ್ನು ಡೆಸ್ಕಿನ ಕಂಬಿಯ ಮೇಲೆ ಎತ್ತಿ ಇಟ್ಟುಕೊಂಡು. ಇಬ್ಬರೂ ಪಾಸಾದೆವು. ನನಗೆ ಅವಳಿಗಿಂತ ಹದಿನೇಳು ಅಂಕ ಹೆಚ್ಚು. ಲೋಕೇಶ ಟಿ. ನರಸೀಪುರದಲ್ಲಿ ಪಾಠ ಮಾಡುತ್ತಿದ್ದಾನೆ, ಚೆನ್ನಾಗಿಯೇ ಮಾಡುತ್ತಾನಂತೆ. ಭಾಗ್ಯ ಬೆಲ್ಟಿನ ಮುಂದೆ ಇದ್ದಾಳೆ.

ನಮ್ಮ ಬಿಲ್ಡಿಂಗ್ ಎದ್ದಿದೆಯಂತೆ, ಲಿಫ್ಟು ಓಡುತ್ತಿದೆಯಂತೆ. ನಿಮ್ಮಲ್ಲಿ ನಳಿನಿ ವಾರಕ್ಕೊಮ್ಮೆ ಫೋನು ಮಾಡಿ, "ನಿಮ್ಮೂರಿಂದ ಯಾವಾಗ ಬರ್ತಿ? ಎಲ್ಲರ ಪಾತ್ರೆ ಪಗಡೆ ಒಳಗೆ ಹೋಗಿ ಆಯ್ತು, ನಿನ್ನ ಬಾಗಿಲಿಗೆ ಮಾತ್ರ ಬೀಗ" ಅನ್ನುತ್ತಾಳೆ. ನಳಿನಿ, ನಿನಗೆ ಪ್ರತಿಸಲ ನೆಗಡಿ, ಪ್ರತಿಸಲ ಮಳೆ ಅಂತ ಏನೇನೋ ಹೇಳಿದ್ದೇನೆ. ಉತ್ತರ ಈ ಕಾಗದ. ಇದನ್ನು ಬರೆಯದೆ ಅಲ್ಲಿಗೆ ಬಂದಿದ್ದರೆ ನಾನು ಒಳ್ಳೆಯ ಮಿಸ್ ಆಗಿಯೇ ಸಾಯಬಹುದಿತ್ತು, ನಿಮಗ್ಯಾರಿಗೂ ಏನೂ ಗೊತ್ತಿರಲಿಲ್ಲ. ಇಲ್ಲಿ ಇದ್ದರೆ, ನಾನು ಏನು ಎಂದು ಪೂರ್ತಿ ಗೊತ್ತಿರುವ ಒಬ್ಬಳು ಒಂದೇ ಬಸ್‌ಸ್ಟ್ಯಾಂಡಿನಲ್ಲಿ ಓಡಾಡುತ್ತಾಳೆ.

ಹೋದ ಶನಿವಾರ ಅಲ್ಲೇ ಸಿಕ್ಕಳು, ಕಾರ್ಖಾನೆಯ ನೀಲಿ ಕೋಟಿನಲ್ಲಿ. ನಾನು ರಸಬಾಳೆಯ ಚಿಪ್ಪು ಹಿಡಿದಿದ್ದೆ. ಅರ್ಧ ಮುರಿದು ಚಾಚಿದೆ.

"ಬ್ಯಾಡಿ, ಊಟ ಆಯ್ತು" ಅಂದಳು. ಆಮೇಲೆ, ಗೊತ್ತಿರುವವರ ಹತ್ತಿರ ಮಾತಾಡದೆ ಹೋಗುವುದು ಇಲ್ಲಿ ಪದ್ಧತಿಯಲ್ಲವಾದ್ದರಿಂದ ಇರಬೇಕು, ನಿಂತಳು. "ಯಾವಾಗ್ ವಂಡ್ತೀರಾ ಮೇಡಂ, ನಿಮ್ಮೂರ್ಗೆ?"

ಅವಳು ನನ್ನನ್ನು ಮೇಡಂ ಅಂದದ್ದು ಅದೇ ಮೊದಲು.

"ಗೊತ್ತಿಲ್ಲ ಭಾಗ್ಯ."

ಅವಳ ಬಸ್ಸು ಬಂತು. ಕಂಬಿ ಹಿಡಿದು, ನೋಯುವ ಕಾಲನ್ನು ಆಮೇಲೆ ಎಳೆದುಕೊಂಡು, ಮೆಟ್ಟಿಲು ಹತ್ತಿದಳು. ಹತ್ತಿ ತಿರುಗಿ, ದನಿಯಲ್ಲಿ ಒಂದಿಷ್ಟೂ ಸಿಟ್ಟಿಲ್ಲದೆ ಹೇಳಿದಳು:

"ಗೊತ್ತಾದ್ರೆ ಯೋಳಿ. ರಜಾ ಆಕಿ ಬಂದು ಬಸ್ ಅತ್ತಿಸ್ತೀನಿ."